ಪಕ್ಕದ ಮನೆಯ ಬಾವುಟ: ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ಕಾಲೇಜಿಗೆ ಹಿಂದಿರುಗಿ ಹತ್ತು ದಿನವಾಯಿತು. ಅಮ್ಮನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತನಾಡುತ್ತೀಯೆ, ನನ್ನ ಸರದಿ ಬಂದ ಕೂಡಲೇ "ಓದುವುದಿದೆ" ಎನ್ನುತ್ತೀಯೆ. ಸರಿ, ಓದುವುದಕ್ಕೆ ನಾನೂ ಒಂದಷ್ಟು ಕಳುಹಿಸುತ್ತಿದ್ದೇನೆ. ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ಬಂದರೆ ತಡವರಿಸುತ್ತಿದ್ದವಳು ನೀನು. ಅವಸರ ಬೇಡ, ನಿಧಾನವಾಗಿ ಓದು. ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ನಾನು ಕಚೇರಿಯ ಮನುಷ್ಯನಾಗಿಬಿಡುತ್ತೇನೆ. ತಪ್ಪಾಯಿತು ಎನ್ನುವ ಮಾತು ಆ ಭಾಷೆಯಲ್ಲಿ ನನ್ನ ಬಾಯಿಂದ ನೆಟ್ಟಗೆ ಹೊರಡುವುದಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಯ ಆ ಸಂಜೆ ನಿನ್ನ ಗೆಳತಿ ಕಾರಿನಿಂದ ಇಳಿದವಳು ಬಾಗಿಲ ಮೇಲೆ ಕೈ ಇಟ್ಟುಕೊಂಡು ಹಾಗೆಯೇ ನಿಂತಳು. ಪಕ್ಕದ ಮನೆಯವರ ಗ್ಯಾರೇಜಿನ ಗೋಡೆಯ ಮೇಲೆ ಆ ಬಾವುಟ, ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿ ಅಂತರ್ಯುದ್ಧಕ್ಕಿಳಿದ ದಕ್ಷಿಣದ ಕಾನ್ಫೆಡರೇಟ್ ರಾಜ್ಯಗಳ ಯುದ್ಧಬಾವುಟ: ಕೆಂಪು ಬಟ್ಟೆ, ಅದರ ಮೇಲೆ ಓರೆಯಾಗಿ ಹಾದ ಎರಡು ನೀಲಿ ಪಟ್ಟಿ, ಹದಿಮೂರು ಬಿಳಿ ನಕ್ಷತ್ರ. ನಾನು ತಕ್ಷಣ ಬಾಯಿ ಹಾಕಿದೆ. "ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ, ತುಂಬ ಒಳ್ಳೆಯ ಜನ ಅವರು." ಅವಳು ನಕ್ಕು "ಸರಿ ಅಂಕಲ್" ಎಂದಳು. ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಊಟವಾದ ಮೇಲೆ ಕಸದ ಡಬ್ಬಿ ಹೊರಗಿಡಲು ಹೋದಾಗ ನೋಡಿದೆ: ರಸ್ತೆಯ ಬದಿಯಲ್ಲಿದ್ದ ತನ್ನ ಕಾರನ್ನು ಅವಳು ನಮ್ಮ ಅಂಗಳದೊಳಕ್ಕೆ, ದೀಪದ ಕೆಳಕ್ಕೆ, ತಂದು ನಿಲ್ಲಿಸುತ್ತಿದ್ದಳು. ಒಂದು ಮಾತಿಲ್ಲ. ನಾನೂ ಏನೂ ಕೇಳಲಿಲ್ಲ.

ಅಡುಗೆಮನೆಯಲ್ಲಿ ನೀನು ಕೇಳಿದೆ: "ಅಪ್ಪಾ, ಅವರು ಯಾರಿಗೆ ಒಳ್ಳೆಯವರು?"

ನಮಗಂತೂ ಒಳ್ಳೆಯವರೇ. 2016ರ ಜನವರಿಯ ಹಿಮಪಾತದಲ್ಲಿ ನಾನು ಏಳುವ ಮೊದಲೇ ನಮ್ಮ ಅಂಗಳದ ಹಿಮವನ್ನೆಲ್ಲ ಗೋರಿಹಾಕಿದ್ದರು. ಇದನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಅವರ ಮುತ್ತಜ್ಜನ ತಂದೆ ಬಡ ರೈತನಂತೆ. ಯಾವ ಗುಲಾಮನನ್ನೂ ಇಟ್ಟುಕೊಂಡವನಲ್ಲ, ಆ ಅಂತರ್ಯುದ್ಧದ ಪೀಟರ್ಸ್‌ಬರ್ಗ್ ಮುತ್ತಿಗೆಯ ಕಂದಕದಲ್ಲಿ ಸತ್ತವನು. "ಇದು ಪರಂಪರೆ, ದ್ವೇಷವಲ್ಲ" ಎಂದು ಅವರು ಹೇಳಿದಾಗಲೆಲ್ಲ ನಾನು ತಲೆಯಾಡಿಸುತ್ತ ಬಂದೆ. ಸತ್ತವನಿಗಾಗಿ ಅಳುವವರ ಜೊತೆ ವಾದ ಮಾಡುವುದು ನಮ್ಮವರ ರೀತಿಯಲ್ಲ.

ಆದರೆ ಆ ಬಾವುಟವನ್ನು ಸತ್ತವರು ಹಾರಿಸಿಕೊಂಡು ಬರಲಿಲ್ಲವಲ್ಲ, ಪುಟ್ಟಿ. 1861ರ ಮಾರ್ಚ್‌ನಲ್ಲಿ ಸವಾನಾ ನಗರದಲ್ಲಿ ಕಾನ್ಫೆಡರೇಟ್ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ: ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದು. ನಾಲ್ಕು ವರ್ಷಗಳಲ್ಲಿ ಆ ಸರ್ಕಾರ ಮುಗಿಯಿತು. ಸೋತ ಸೇನಾಪತಿ ರಾಬರ್ಟ್ ಲೀ 1869ರಲ್ಲಿ, ಯುದ್ಧದ ಹುಣ್ಣುಗಳನ್ನು ಕೆದಕದಿರುವುದೇ ಜಾಣತನ ಎಂದು ಪತ್ರ ಬರೆದು ಸ್ಮಾರಕದ ಕೆಲಸದಿಂದ ದೂರ ಉಳಿದ. ಕೆದಕಿದವರು ಆಮೇಲೆ ಬಂದವರು. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು; 1956ರಲ್ಲಿ ಜಾರ್ಜಿಯಾ ಆ ಯುದ್ಧಬಾವುಟವನ್ನು ತನ್ನ ರಾಜ್ಯದ ಬಾವುಟದೊಳಕ್ಕೆ ಸೇರಿಸಿತು. ಅರವತ್ತರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾ ಅದನ್ನು ವಿಧಾನಸಭೆಯ ಗುಮ್ಮಟದ ಮೇಲೇರಿಸಿತು. ಪೆಟ್ಟಿಗೆಯಲ್ಲಿದ್ದ ಬಟ್ಟೆ ಯಾವ ಹೊತ್ತಿನಲ್ಲಿ ಹೊರಬಂತು ಎಂಬುದನ್ನು ನೋಡಿದರೆ ಸಾಕು, ಯಾಕೆ ಬಂತು ಎಂದು ಬೇರೆ ಕೇಳಬೇಕಾಗಿಲ್ಲ. ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಆ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡಿದ್ದ ಹುಡುಗನೊಬ್ಬ ಕೊಂದ ಮೇಲೆಯೇ, 2015ರ ಜುಲೈನಲ್ಲಿ, ಅದು ಆ ವಿಧಾನಸಭೆಯ ಆವರಣದಿಂದ ಕೆಳಗಿಳಿದದ್ದು.

ಕಾನ್ಫೆಡರೇಟರ ರಾಜಧಾನಿಯಾಗಿದ್ದ ನಮ್ಮ ರಿಚ್ಮಂಡ್ ವಿಷಯಕ್ಕೆ ಬರುತ್ತೇನೆ. 1890ರಲ್ಲಿ ಲೀ ಪ್ರತಿಮೆ ಪೆಟ್ಟಿಗೆಗಳಲ್ಲಿ ಬಂದಾಗ ಊರಿನ ಸಾವಿರಾರು ಜನ ಬಂಡಿಗಳಿಗೆ ಹಗ್ಗ ಕಟ್ಟಿ ಎಳೆದರಂತೆ, ಥೇಟ್ ನಮ್ಮ ತೇರಿನ ಹಾಗೆ. ಹಗ್ಗದ ತುಂಡುಗಳನ್ನು ಕತ್ತರಿಸಿ ಪ್ರಸಾದದಂತೆ ಮನೆಗೆ ಒಯ್ದವರೂ ಇದ್ದರು. ಆ ವರ್ಷ ಜಾನ್ ಮಿಚೆಲ್ ಎಂಬ ಕಪ್ಪು ಪತ್ರಿಕಾ ಸಂಪಾದಕ ಬರೆದ: ಈ ಸ್ಮಾರಕವನ್ನು ಎತ್ತಿ ನಿಲ್ಲಿಸಿದವನು ಕಪ್ಪು ಮನುಷ್ಯ, ಕಾಲ ಬಂದರೆ ಇಳಿಸಲೂ ಅವನೇ ಇರುತ್ತಾನೆ. 131 ವರ್ಷ ಕಳೆದು 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದ ಗುತ್ತಿಗೆದಾರ ಕಪ್ಪು ಮನುಷ್ಯನೇ. ಬೇರೆಯವರು ಆ ಕೆಲಸಕ್ಕೆ ಹೆದರಿ ಹಿಂಜರಿದಿದ್ದರು. ಈತ ಗುಂಡುನಿರೋಧಕ ಅಂಗಿ ತೊಟ್ಟು ಕೆಲಸ ಮಾಡಿದ.

ಆ ಬೆಳಿಗ್ಗೆ ನಾನು ಅಲ್ಲಿದ್ದೆ. ನಿನಗೆ ಹೇಳಿರಲಿಲ್ಲ, ಕಚೇರಿಗೂ ತಲೆನೋವು ಎಂದಿದ್ದೆ. ಬೇಲಿಯಿಂದಾಚೆ ದೂರದಲ್ಲಿ ನಿಂತಿದ್ದೆ. ಕ್ರೇನ್ ಎತ್ತಿದಾಗ ಕುದುರೆಸಮೇತ ಲೀ ಒಂದು ಕ್ಷಣ ಗಾಳಿಯಲ್ಲಿ ತೂಗಿದ. ಜನ ಹಾಡು ಹೇಳುತ್ತಿದ್ದರು. ನೆಲಕ್ಕಿಳಿಸಿದ ಮೇಲೆ ಸಾಗಿಸಲು ಅನುಕೂಲವಾಗಲೆಂದು ಸೊಂಟದ ಬಳಿ ಗರಗಸದಿಂದ ಕೊಯ್ದು ಎರಡು ಮಾಡಿದರು. ಪಕ್ಕದಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸೊಬ್ಬರು ಮಡಿಸುವ ಕುರ್ಚಿ ತಂದಿದ್ದರು, ಫ್ಲಾಸ್ಕಿನಲ್ಲಿ ಕಾಫಿಯನ್ನೂ. ನನಗೂ ಒಂದು ಲೋಟ ಬಗ್ಗಿಸಿ ಕೊಟ್ಟು, "ನಿನಗೆ ಇದು ಏನು?" ಎಂದು ಕೇಳಿದರು. ಸುಮ್ಮನೆ ನೋಡಲು ಬಂದೆ ಎಂದೆ. ಆ ಉತ್ತರ ಇವತ್ತಿಗೂ ಗಂಟಲಲ್ಲಿದೆ. ನೀನು ಹೇಳುವುದೂ ಅದನ್ನೇ ಅಲ್ಲವೇ, ಅಪ್ಪ ಎಲ್ಲ ಕಡೆಯೂ ಸುಮ್ಮನೆ ನೋಡಲು ಬಂದವನು ಎಂದು?

ಈ ದೇಶದಲ್ಲಿ ನಮ್ಮವರು ಇಂಥ ಪ್ರಶ್ನೆಗೆ ಎರಡು ತರಹದ ಉತ್ತರ ಕೊಟ್ಟಿದ್ದಾರೆ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ನಾನು ಮೇಲ್ಜಾತಿಯ ಹಿಂದೂ, ಆರ್ಯ, ಆದ್ದರಿಂದ ಬಿಳಿಯ ಎಂಬುದು ವಾದ. ಇನ್ನೂ ಮುಂದುವರಿದು, ಮದುವೆಯ ಮಾತು ಬಂದರೆ ಅಮೆರಿಕನ್ನರು ಕಪ್ಪು ಜನರನ್ನು ನೋಡುವ ಹಾಗೆಯೇ ಮೇಲ್ಜಾತಿಯ ಹಿಂದೂ ತನ್ನ ನಾಡಿನ ಮೂಲನಿವಾಸಿಗಳನ್ನು ನೋಡುತ್ತಾನೆ ಎಂದೂ ಅವರ ವಕೀಲರು ಬರೆದುಕೊಟ್ಟರು. ತುಳಿಯುವುದು ನಮಗೂ ಗೊತ್ತು, ನಮ್ಮನ್ನೂ ಸೇರಿಸಿಕೊಳ್ಳಿ ಎಂದ ಹಾಗೆ! 1923ರಲ್ಲಿ ನ್ಯಾಯಾಲಯ ಬಾಗಿಲು ಹಾಕಿತು.

ಇನ್ನೊಂದು ಉತ್ತರ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರದು. 1941ರಲ್ಲಿ ಅಮೆರಿಕದ ದಕ್ಷಿಣದ ರೈಲೊಂದರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದವರನ್ನು ಟಿಕೆಟ್ ನೋಡುವವನು ಏಳಿಸಲು ಬಂದ. ಇವರು ಏಳಲಿಲ್ಲ. ಎಲ್ಲಿಯವರೆಂದು ವಿಚಾರಿಸಿದ. ಭಾರತದವರೆಂದು ತಿಳಿದರೆ ರಿಯಾಯಿತಿ ಸಿಗುವ ಸಂಭವವಿತ್ತು. ವಿದೇಶಿ ಅತಿಥಿ ಎಂದು ಅವನು ತಲೆ ತಗ್ಗಿಸಿ ಹೋಗಿಬಿಡುತ್ತಿದ್ದನೇನೋ. ಕಮಲಾದೇವಿ ಆ ರಿಯಾಯಿತಿಯನ್ನು ಮುಟ್ಟಲಿಲ್ಲ. ಎಲ್ಲಿಯವಳಾದರೇನು, ನಾನು ಬಣ್ಣದವಳು, ಇಲ್ಲಿಂದ ಕದಲುವ ಉದ್ದೇಶ ನನಗಿಲ್ಲ ಎಂದರು. ಅವನೇ ಹೊರಟುಹೋದ. ಅವರ ಹೆಸರು ಕೈಮಗ್ಗದ ಸೀರೆಯ ಜೊತೆ ನಿನ್ನ ಅಮ್ಮನ ಬಾಯಲ್ಲಿ ಬರುತ್ತಿರುತ್ತದೆ. ಈ ರೈಲಿನ ಕಥೆಯನ್ನು ನಾವು ನಿನಗೆ ಹೇಳಲೇ ಇಲ್ಲ.

ನಾನು ಆರಿಸಿಕೊಂಡದ್ದು ಥಿಂಡ್ ಅವರ ದಾರಿಯ ಮೆದುವಾದ ನಮೂನೆ. ಬಿಳಿಯ ಎಂದು ಹೇಳಿಕೊಳ್ಳಲಿಲ್ಲ. ತೊಂದರೆ ಕೊಡದವನು ಎನಿಸಿಕೊಂಡೆ. 1998ರಲ್ಲಿ ನನಗೆ ವೀಸಾ ಸಿಕ್ಕಿದ್ದು ನನ್ನ ಬುದ್ಧಿಯಿಂದ ಎಂದೇ ಬಹಳ ದಿನ ನಂಬಿದ್ದೆ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ಕಾನೂನು ಬಂದದ್ದು ಕಪ್ಪು ಜನರ ಹೋರಾಟ ದೇಶವನ್ನು ಅಲುಗಾಡಿಸಿದ ಕಾಲದಲ್ಲಿ, ಅದೇ ಅಲೆಯಲ್ಲಿ. ಈ ಮನೆಯನ್ನು ಒಳ್ಳೆಯ ಶಾಲೆ ಹತ್ತಿರವಿದೆ ಎಂದು ಕೊಂಡೆವು. ಇಲ್ಲಿಗೆ ಒಂದೂವರೆ ಗಂಟೆಯೂ ಆಗದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಬೇಕಾಗುತ್ತದೆಂದು 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿದ್ದರು. ನಿನ್ನ ಗೆಳತಿಯ ಅಜ್ಜಿ ಅದೇ ಕೌಂಟಿಯವರೆಂದು ಅವಳೇ ಊಟದ ನಡುವೆ ಹೇಳಿದಳು. ನಾನು ಮಜ್ಜಿಗೆ ಬೇಕೇ ಎಂದು ಕೇಳಿದೆ.

ಕೇಳದೆಯೇ ನಮಗೆ ಸಿಕ್ಕ ಇಂಥ ಅನುಕೂಲಕ್ಕೆ ನೀನು ಪ್ರಿವಿಲೇಜ್ ಎಂದೆಯಲ್ಲ, ಅದಕ್ಕೆ ಕನ್ನಡ ಹುಡುಕಿದೆ. ಸವಲತ್ತು ಎಂದರೆ ಅರ್ಜಿ ಹಾಕಿ ಪಡೆದ ಹಾಗಿದೆ. ಪದ ಸಿಗಲಿಲ್ಲ, ಒಂದು ಲೋಟ ನೆನಪಾಯಿತು. ತಿಪಟೂರಿನ ಹತ್ತಿರ ನಮ್ಮ ಹಳ್ಳಿಮನೆಯ ಹಿತ್ತಲ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಬೋರಲು ಹಾಕಿದ ಒಂದು ಗಾಜಿನ ಲೋಟ. ಕಾಯಿ ಸುಲಿಯಲು ಬರುತ್ತಿದ್ದವನಿಗೆ ಅಜ್ಜಿ ಅದರಲ್ಲಿ ಮೇಲಿನಿಂದ ಕಾಫಿ ಸುರಿಯುತ್ತಿದ್ದಳು. ಕುಡಿದು, ಅವನೇ ತೊಳೆದು, ಮತ್ತೆ ಗೂಡಿಗೆ. ಅಜ್ಜಿ ಕೆಟ್ಟವಳಲ್ಲ, ಅವನ ಮಗಳ ಬಾಣಂತನಕ್ಕೆ ತುಪ್ಪ ಕಳುಹಿಸಿದವಳು. ಕೇಳಿದ್ದರೆ "ಸಂಪ್ರದಾಯ ಕಣೋ" ಎನ್ನುತ್ತಿದ್ದಳು. ನಾನು ಕೇಳಲಿಲ್ಲ; ಆ ಲೋಟ ನನ್ನದಾಗಿರಲಿಲ್ಲ. ಪಕ್ಕದ ಮನೆಯವರು "ಪರಂಪರೆ" ಎಂದಾಗ ನಾನು ಅಷ್ಟು ಸಲೀಸಾಗಿ ತಲೆಯಾಡಿಸಿದ್ದು ಯಾಕೆಂದು ಈ ಹತ್ತು ದಿನಗಳಲ್ಲಿ ಹೊಳೆಯಿತು.

ಪ್ರತಿಮೆಗಳು ಹೋದವು, ಜಗಳವಂತೂ ಹೋಗಿಲ್ಲ. ಪೀಟರ್ಸ್‌ಬರ್ಗ್ ಬಳಿಯ ಫೋರ್ಟ್ ಲೀ ಎಂಬ ಸೇನಾನೆಲೆಗೆ 2023ರಲ್ಲಿ ಗ್ರೆಗ್ ಮತ್ತು ಆ್ಯಡಮ್ಸ್ ಎಂಬ ಇಬ್ಬರು ಕಪ್ಪು ಅಧಿಕಾರಿಗಳ ಹೆಸರಿಟ್ಟರು. 2025ರಲ್ಲಿ ಮತ್ತೆ ಲೀ ಎಂದು ಬದಲಿಸಿದರು, ಇದು ಬೇರೆ ಲೀ, ಫಿಟ್ಜ್ ಲೀ ಎಂಬ ಕಪ್ಪು ಸೈನಿಕ ಎನ್ನುವ ವಿವರಣೆಯೊಂದಿಗೆ. ಇಂಥ ಜಾಣತನಕ್ಕೆ ನಮ್ಮೂರ ಶಾನುಭೋಗರೂ ಕೈಮುಗಿಯಬೇಕು.

ಸೂರಿನ ಗಟಾರಿನ ಎಲೆ ತೆಗೆಯಲು ತಂದ ಪಕ್ಕದ ಮನೆಯವರ ಏಣಿ ಇನ್ನೂ ನಮ್ಮಲ್ಲಿದೆ. ಶನಿವಾರ ಹಿಂದಿರುಗಿಸಲು ಹೋಗುತ್ತೇನೆ. ಇತಿಹಾಸದ ಪಾಠ ಮಾಡುವುದಿಲ್ಲ, ಅದು ನನ್ನಿಂದ ಆಗದು. ನಮ್ಮ ಮನೆಗೆ ಊಟಕ್ಕೆ ಬಂದ ಮಗುವೊಂದು ನಿಮ್ಮ ಗೋಡೆ ನೋಡಿ ಕಾರನ್ನು ದೀಪದ ಕೆಳಗೆ ನಿಲ್ಲಿಸಿತು, ಅಷ್ಟನ್ನು ಹೇಳುತ್ತೇನೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಆಗಲೇ ದಿಗಿಲು, ಮುಂದಿನ ಚಳಿಗಾಲಕ್ಕೆ ಹಿಮ ಗೋರುವ ಯಂತ್ರ ಕೊಳ್ಳೋಣವೇ ಎಂದು ಕೇಳುತ್ತಿದ್ದಾಳೆ.

ಗೆಳತಿಗೆ ಬೇರೆಯಾಗಿ ಬರೆಯುತ್ತೇನೆ, ವಿಳಾಸ ಕಳುಹಿಸು. ಪಾರ್ಸೆಲ್ಲಿನಲ್ಲಿ ಚಟ್ನಿಪುಡಿ ಎರಡು ಡಬ್ಬಿ ಇದೆ, ಒಂದು ಅವಳಿಗೆ. ನನ್ನನ್ನು ಬೈಯುವುದು ಇನ್ನೂ ಬಾಕಿಯಿದ್ದರೆ ಕನ್ನಡದಲ್ಲೇ ಬರೆ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

ನಿನ್ನ
ಅಪ್ಪ