ಮೂರು ದಿನದ ಸನ್ನೆ, ಮೂವತ್ತು ದಿನದ ಮಾತ್ರೆ

ಮಾನ್ಯ ಸಂಪಾದಕರೇ,

ಕಿವುಡ ರೋಗಿಗಳ ಸನ್ನೆಯನ್ನು ವೈದ್ಯರಿಗೆ ಹೇಳುವ ದುಭಾಷಿಗಳಿಗೆ ಕೊಟ್ಟ ಮೂರು ದಿನದ ಸಂಜ್ಞಾ ಭಾಷೆಯ ತರಬೇತಿ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಕಳೆದ ವಾರ ಬಂದ ವರದಿಯನ್ನು ಎಲ್ಲರಂತೆ ನಾನೂ ಓದಿದೆ. ಫೋಟೋವನ್ನೂ ನೋಡಿದೆ. ಒಂದು ದೀಪ ಹಚ್ಚಲು ಹನ್ನೊಂದು ಜನ. ಅವರಲ್ಲಿ ಕಿವುಡರು ಯಾರಾದರೂ ಇದ್ದಾರೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ, ಸಿಗಲಿಲ್ಲ. ಇನ್ನು ಮುಂದೆ ನಮ್ಮ ಕೊಡಗು ಜಿಲ್ಲೆಯ ಕಿವುಡರು ನಿರಾತಂಕವಾಗಿ ಮನೋವೈದ್ಯರ ಬಳಿ ಹೋಗಬಹುದು ಎಂಬ ಭರವಸೆ ವರದಿಯ ಕೊನೆಯಲ್ಲಿತ್ತು. ಅದನ್ನು ನಂಬಿ ನಿನ್ನೆ ಮಂಗಳವಾರ ನನ್ನ ತಮ್ಮನನ್ನು ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ.

ಬೆಳಗಿನ ಬಸ್ಸು ಬರಲೇ ಇಲ್ಲ. ನಮ್ಮ ಕೊಡಗಿನ ಮಳೆಗಾಲದ ತಿಂಗಳು ಕಕ್ಕಡದ ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತು, ಮುಂದಿನ ಬಸ್ಸಿನಲ್ಲಿ ಪಕ್ಕದವರ ಕೊಡೆಯ ನೀರನ್ನೆಲ್ಲ ಸೀರೆಗೆ ಇಳಿಸಿಕೊಂಡು, ಮೂರ್ನಾಡಿನ ಆಚೆ ಈಚೆಯ ಹೊಂಡಗಳನ್ನೆಲ್ಲ ಸೊಂಟದಲ್ಲೇ ಎಣಿಸಿಕೊಂಡು ತಲುಪಿದೆವು. ಚೀಟಿ ಮಾಡಿಸಿ ಕುಳಿತರೆ, ಅಲ್ಲಿ ಹೆಸರು ಕೂಗಿ ಕರೆಯುತ್ತಾರೆ. ಕಿವುಡರನ್ನೂ ಕೂಗಿಯೇ ಕರೆಯುತ್ತಾರೆ. ನಾನು ಶೌಚಾಲಯಕ್ಕೆ ಹೋಗಿದ್ದ ಐದು ನಿಮಿಷದಲ್ಲಿ ತಮ್ಮನ ಹೆಸರನ್ನು ಮೂರು ಸಲ ಕೂಗಿ, ಓಗೊಡಲಿಲ್ಲವೆಂದು ಚೀಟಿಯನ್ನು ಕಟ್ಟಿನ ಅಡಿಗೆ ಹಾಕಿದ್ದರು. ಅವನು ಬಾಗಿಲ ಪಕ್ಕದಲ್ಲೇ ಕುಳಿತಿದ್ದ! ಮತ್ತೆ ಒಂದೂವರೆ ಗಂಟೆ ಕಾದೆವು.

ತಮ್ಮನ ವಿಷಯ ಸ್ವಲ್ಪ ಹೇಳಬೇಕು. ಬರೆಯಬಹುದೇ ಎಂದು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವನು ಹುಟ್ಟು ಕಿವುಡ. ಮೈಸೂರಿನಲ್ಲಿ ಕಿವುಡರ ಶಾಲೆಗೆ ಹೋಗಿ ಸಂಜ್ಞಾ ಭಾಷೆಯನ್ನು ಚೆನ್ನಾಗಿ ಕಲಿತವನು, ಈಗ ಹೊಲಿಗೆ ಕೆಲಸ ಮಾಡುತ್ತಾನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಮಕ್ಕಂದೂರು ಕಡೆಯ ಚಿಕ್ಕಮ್ಮನ ಮನೆಯಲ್ಲಿದ್ದ. ಆಗ ಯಾರೋ ಮೈಕಿನಲ್ಲಿ ಎಚ್ಚರಿಕೆ ಕೂಗಿಕೊಂಡು ಹೋದರಂತೆ. ಇವನಿಗೆ ಎಚ್ಚರವಾದದ್ದು ಕಾಲಡಿಯ ನೆಲ ನಡುಗಿದಾಗ. ಅಂದಿನಿಂದ ಕಕ್ಕಡ ಬಂತೆಂದರೆ ನಿದ್ದೆಯಿಲ್ಲ. ರಾತ್ರಿ ಮೂರು ಗಂಟೆಗೆ ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆಯನ್ನು, ಎಂದರೆ ಕಡಿದಾದ ಮಣ್ಣಿನ ಗುಡ್ಡವನ್ನು ನೋಡುತ್ತಾ ನಿಂತಿರುತ್ತಾನೆ, ಆಗಾಗ ಗೋಡೆಗೆ ಅಂಗೈ ಒತ್ತಿ ನೋಡುತ್ತಾನೆ. ಈ ವರ್ಷ ಕಕ್ಕಡ ಹದಿನೆಂಟಕ್ಕೆ ಮದ್ದಿನ ಸೊಪ್ಪು ಹಾಕಿ ಮಾಡುವ ಮದ್ದು ಪಾಯಸವನ್ನೂ ಮುಟ್ಟಲಿಲ್ಲ. ಅದಕ್ಕೇ ವೈದ್ಯರಿಗೆ ತೋರಿಸೋಣವೆಂದುಕೊಂಡೆ.

ಒಳಗೆ ವೈದ್ಯರ ಪಕ್ಕದಲ್ಲಿ ದುಭಾಷಿ ಮೇಡಂ ಕುಳಿತಿದ್ದರು. ತಾವು ಛಾಪಿಸಿದ ಫೋಟೋದಲ್ಲಿ ಎಡದಿಂದ ನಾಲ್ಕನೆಯವರು. ವೈದ್ಯರು ಒಳ್ಳೆಯವರೇ, ತಾಳ್ಮೆಯಿಂದಲೇ ಕೇಳಿದರು. ತಮ್ಮ ಹೇಳತೊಡಗಿದ. ಮೊದಲು ಅಂಗೈಯನ್ನು ಭುಜದ ಮೇಲಿಂದ ಹಿಂದಕ್ಕೆ ಬೀಸಿದ. ಆಮೇಲೆ ಎರಡು ಕೈಗಳನ್ನು ಚಾಚಿ ನೆಲ ಅಲುಗಾಡುವುದನ್ನು ತೋರಿಸಿದ, ಗುಡ್ಡ ಬರುವುದನ್ನು ತೋರಿಸಿದ. ಮೇಡಂ ಅನುವಾದಿಸಿದರು: "ನೆಲ ಅಲುಗಾಡುತ್ತಿದೆಯಂತೆ, ಗುಡ್ಡ ಮನೆಯೊಳಗೆ ಬರುತ್ತಿದೆಯಂತೆ ಸಾರ್." ವೈದ್ಯರ ಪೆನ್ನು ಓಡತೊಡಗಿತು.

ಸ್ವಾಮಿ, ಭುಜದ ಮೇಲಿಂದ ಕೈ ಹಿಂದಕ್ಕೆ ಹೋದರೆ ಆಗಿಹೋದದ್ದು ಎಂದರ್ಥ. ನಮ್ಮ ಕನ್ನಡದ ಹಾಗೆ ಅಲುಗಾಡಿತು, ಅಲುಗಾಡುತ್ತದೆ ಎಂದು ಕ್ರಿಯಾಪದದ ಬಾಲವನ್ನು ತಿರುಚಿ ಕಾಲ ಹೇಳುವ ಪದ್ಧತಿ ಸಂಜ್ಞಾ ಭಾಷೆಯಲ್ಲಿಲ್ಲ. ಯಾವಾಗ ಎಂಬುದನ್ನು ಮೊದಲೇ ಒಂದು ಸಲ ತೋರಿಸಿ ಮುಂದಿನದನ್ನೆಲ್ಲ ಹೇಳುತ್ತಾರೆ. ಮೇಡಂ ಆ ಒಂದು ಸನ್ನೆಯನ್ನು ಬಿಟ್ಟರು. 2018ರಲ್ಲಿ ನಡೆದದ್ದು ನಿನ್ನೆಯ ಭ್ರಮೆಯಾಯಿತು. "ಹಾಗಲ್ಲ ಡಾಕ್ಟರೇ, ಅದು ಆಗಿನದು" ಎಂದು ನಾನು ಬಾಯಿ ಹಾಕಿದೆ. "ನೀವು ಸ್ವಲ್ಪ ಸುಮ್ಮನಿರಿ ಅಮ್ಮಾ, ರೋಗಿಯೇ ಹೇಳಲಿ" ಎಂದರು. ಮನೆಯವರು ನಡುವೆ ಬರಬಾರದೆಂಬ ನಿಯಮ ಸರಿಯೇ. ನಾವು ಎಷ್ಟೋ ಸಂಗತಿಗಳನ್ನು ಮುಚ್ಚಿಡುತ್ತೇವೆ, ಇಲ್ಲದ್ದನ್ನು ಸೇರಿಸುತ್ತೇವೆ. ಆದರೆ ರೋಗಿ ಹೇಳುತ್ತಿರುವುದು ಎದುರಿಗಿದ್ದವರಿಗೆ ತಿಳಿಯಬೇಕಲ್ಲ.

ನಂತರ ಬಂತು ದೊಡ್ಡ ಪ್ರಶ್ನೆ. ಯಾರೂ ಇಲ್ಲದಾಗ ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ? ಮೇಡಂ ತಮ್ಮ ಕಿವಿ ಮುಟ್ಟಿಕೊಂಡು, ಕೇಳಿಸುತ್ತದೆಯೇ ಎಂದು ಸನ್ನೆ ಮಾಡಿದರು. ನನ್ನ ತಮ್ಮ ನಕ್ಕುಬಿಟ್ಟ. ಹದಿನೈದು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಅದನ್ನೂ ಬರೆದುಕೊಂಡರು! ಆಮೇಲೆ ಅವನು ಹುಬ್ಬೇರಿಸಿ, ಮುಂದಕ್ಕೆ ಬಾಗಿ, ನಾನು ಹೇಳಿದ್ದು ತಿಳಿಯಿತೇ ಎಂದು ಕೇಳಿದ. ಅವನ ಭಾಷೆಯಲ್ಲಿ ಹುಬ್ಬು ಏರಿದರೆ ಅದು ಪ್ರಶ್ನೆಯ ಚಿಹ್ನೆ, ಬೇರೇನೂ ಅಲ್ಲ. ಚೀಟಿಯಲ್ಲಿ ಅದು ಉದ್ರೇಕವೆಂದು ದಾಖಲಾಗಿದೆ. ಒಟ್ಟು ಎಂಟು ನಿಮಿಷ, ಮೂವತ್ತು ದಿನದ ಮಾತ್ರೆ.

ಆ ಮೇಡಂ ಅವರನ್ನು ನಾನು ಬೈಯುವುದಿಲ್ಲ. ಪಾಪ, ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದವರನ್ನು ಮೂರು ದಿನ ಕೂರಿಸಿ, ನೀರು, ಊಟ, ಬಸ್ಸು, ಆಧಾರ್ ಎಂಬ ಸನ್ನೆಗಳನ್ನು ಕಲಿಸಿ, ಪ್ರಮಾಣಪತ್ರ ಕೊಟ್ಟು ಅಲ್ಲಿಗೆ ತಳ್ಳಿದ್ದಾರೆ. ದುಭಾಷಿಗಳ ಡಿಪ್ಲೊಮಾ ಎಂಬುದೇ ನಮ್ಮ ದೇಶದಲ್ಲಿ ಎರಡು ವರ್ಷದ ಓದು. ದೆಹಲಿಯ ಭಾರತೀಯ ಸಂಜ್ಞಾ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ ಹತ್ತು ಸಾವಿರ ಪದಗಳಿವೆ. ಮೂರು ದಿನಕ್ಕೆ ಅದರಲ್ಲಿ ಎಷ್ಟು ಪದ ಕಲಿಯಬಹುದೆಂದು ಆಯೋಜಕರೇ ಲೆಕ್ಕ ಹಾಕಲಿ.

ಅದೆಲ್ಲ ಕಲಿತವರೂ ಮನೋವೈದ್ಯರ ಕೋಣೆಗೆ ನೇರವಾಗಿ ಹೋಗುವಂತಿಲ್ಲ ಎಂಬುದನ್ನು ರಾತ್ರಿ ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಆಗಲೇ ದುಭಾಷಿಗಳಾಗಿರುವವರಿಗೇ ಮತ್ತೆ 40 ಗಂಟೆ ಪಾಠ, ಅನುಭವಿಗಳ ಕಣ್ಣೆದುರಿಗೆ 40 ಗಂಟೆ ಕೆಲಸ, ಅದರ ಮೇಲೊಂದು ಪರೀಕ್ಷೆ. ಕಾರಣವಿದೆ. ಬೇರೆ ಕಡೆ ದುಭಾಷಿಯಾದವರು ತೊದಲಿದ್ದನ್ನು ತಿದ್ದಿ, ಹರುಕು ಮಾತನ್ನು ಹೊಲಿದು ಚೆಂದ ಮಾಡಿ ಹೇಳುತ್ತಾರೆ. ಇಲ್ಲಿ ಹಾಗೆ ಹೊಲಿದರೆ ವೈದ್ಯರಿಗೆ ರೋಗವೇ ಕಾಣುವುದಿಲ್ಲ. ಸನ್ನೆ ಎಲ್ಲಿ ತಡವರಿಸಿತು, ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಯಾವ ಭಾಷೆಯೂ ಸರಿಯಾಗಿ ಸಿಗದೆ ಬೆಳೆದ ಕಿವುಡರ ಹರುಕು ಸನ್ನೆ ಬೇರೆ, ಮನಸ್ಸು ಚದುರಿದವರ ಹರುಕು ಸನ್ನೆ ಬೇರೆ. ಹುಟ್ಟು ಕಿವುಡರಿಗೆ ಆ ಕಿವಿಯ ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದೇ ಒಂದು ಪಾಠ. ವೈದ್ಯರಿಗೂ ಅದು ಬೇಕು.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ, ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ ಅಥವಾ ಸಂಜ್ಞಾ ಭಾಷೆಯಲ್ಲಿ ಮಾಹಿತಿ ಕೊಡಬೇಕೆನ್ನುತ್ತದೆ. 23ನೇ ಕಲಂ ಗೋಪ್ಯತೆಯ ಬಗ್ಗೆ ಇದೆ. ಗೋಪ್ಯತೆ! ಇಂದು ಬೆಳಿಗ್ಗೆ ಬ್ರೆಡ್ ತರಲು ಬೇಕರಿಗೆ ಹೋಗಿದ್ದೆ. ಚಿಲ್ಲರೆ ಎಣಿಸುತ್ತಲೇ ಬೇಕರಿಯವರು ಕೇಳಿದರು: "ಅಕ್ಕಾ, ನಿಮ್ಮ ತಮ್ಮನಿಗೆ ನೆಲ ಅಲುಗಾಡಿದ ಹಾಗೆ ಆಗುತ್ತದೆಯಂತೆ?" ತಪ್ಪು ಅನುವಾದವೇ ನನಗಿಂತ ಮೊದಲು ಊರು ಸೇರಿತ್ತು. ನಮ್ಮದು ಸಣ್ಣ ಜಿಲ್ಲೆ. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗದೆ ಇರುವುದಿಲ್ಲ, ಒಬ್ಬರ ಗುಟ್ಟು ಇನ್ನೊಬ್ಬರ ಕಾಫಿಗೆ ಜೊತೆಯಾಗುತ್ತದೆ. ಇಂಥಲ್ಲಿ ದುಭಾಷಿಗೆ ಮೊದಲು ಕಲಿಸಬೇಕಾದದ್ದು ಕೈ ಆಡಿಸುವುದನ್ನಲ್ಲ, ಬಾಯಿ ಮುಚ್ಚುವುದನ್ನು.

ಆದರೆ ಇದನ್ನೆಲ್ಲ ಯಾರಿಗೆ ಹೇಳುವುದು? ತಮ್ಮನ ಅಂಗವಿಕಲರ ಕಾರ್ಡಿಗಾಗಿ ನಾಲ್ಕು ಸಲ ಅಲೆದವಳು ನಾನು. ನಾಲ್ಕನೆಯ ಸಲ ಮೇಜಿನ ಆಚೆಯವರು, ಫೋನ್ ಮಾಡಿ ತಿಳಿಸುತ್ತೇವೆ, ಅವರೇ ಮಾತನಾಡಲಿ ಎಂದರು. ಯಾವ ಕಾರ್ಡಿಗೆ ಅರ್ಜಿ ಬಂದಿದೆ ಎಂದು ಒಮ್ಮೆ ಓದಿದ್ದರೆ ಸಾಕಿತ್ತು. ಹೋದ ವರ್ಷ ಆನೆ ನುಗ್ಗಿ ಹದಿನಾಲ್ಕು ಕಾಫಿ ಗಿಡ ಮುರಿದಾಗ, ಆನೆಯ ಫೋಟೋ ಇದೆಯೇ ಎಂದು ಕೇಳಿದವರೂ ಇಂಥವರೇ. ಸ್ವಲ್ಪ ನಿಲ್ಲು ಮಾರಾಯ, ಅರ್ಜಿಗೆ ಅಂಟಿಸಬೇಕು ಎಂದು ಆನೆಯನ್ನು ಕೇಳಬೇಕಿತ್ತೇನೋ. ಬರೆಯ ಕೆಳಗಿನ ಚರಂಡಿಯ ಅರ್ಜಿ ಮೂರು ಮಳೆಗಾಲ ಕಂಡಿದೆ. ಆ ಚರಂಡಿಯಾದರೂ ಆಗಿದ್ದರೆ ನನ್ನ ತಮ್ಮ ಅರ್ಧ ನಿದ್ದೆಯನ್ನಾದರೂ ಮಾಡುತ್ತಿದ್ದನೋ ಏನೋ.

ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ನಮ್ಮ ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೇರೆ ರಾಜ್ಯಗಳಿಗೂ ಹೋಯಿತು. ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಅವರನ್ನೂ ನಾಲ್ಕು ಮಂದಿ ಕಿವುಡರನ್ನೂ ಒಂದು ಮೇಜಿಗೆ ಕೂರಿಸಿ ಪಾಠಪಟ್ಟಿ ಮಾಡಿಸಲು ಏನು ಕಷ್ಟವೋ ಗೊತ್ತಿಲ್ಲ. ದೀಪ ಹಚ್ಚಲು ಹನ್ನೊಂದು ಜನರನ್ನು ಒಟ್ಟು ಸೇರಿಸಿದವರಿಗೆ ಇದು ಆಗದ ಕೆಲಸವೇ?

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ದುಭಾಷಿಗಳಿಗೆ ಸರಿಯಾದ ತರಬೇತಿ ಕೊಡಬೇಕು, ಇಲ್ಲವೇ ಇಂಥ ತರಬೇತಿಯನ್ನೇ ನಿಲ್ಲಿಸಬೇಕು. ಎರಡನ್ನೂ ಮಾಡಿದರೂ ನನ್ನ ಆಕ್ಷೇಪವಿಲ್ಲ. ಹೆಸರು ಕೂಗುವ ಬದಲು ಸಂಖ್ಯೆಯ ಹಲಗೆಯೊಂದನ್ನು ಹಾಕಲಿ. ಚರಂಡಿಯನ್ನೂ ಮಾಡಿಸಲಿ. ತಾವೂ ದಯವಿಟ್ಟು ಮುಂದಿನ ಸಲ ಫೋಟೋ ಹಾಕುವ ಮೊದಲು, ಕಲಿಸಿದವರು ಯಾರು, ಎಷ್ಟು ಗಂಟೆ ಕಲಿಸಿದರು ಎಂದು ಒಂದು ಮಾತು ಕೇಳಿ. ಮಾತ್ರೆಯ ವಿಷಯವನ್ನು ಇನ್ನೊಬ್ಬ ವೈದ್ಯರಲ್ಲಿ ವಿಚಾರಿಸಲು ಶುಕ್ರವಾರ ನಾವಿಬ್ಬರೂ ಮೈಸೂರಿಗೆ ಹೋಗುತ್ತಿದ್ದೇವೆ. ಬಸ್ಸು ಬಂದರೆ.

ಹೆಸರು ಪ್ರಕಟಿಸಬೇಡಿ. ಬೇಕರಿಯವರಿಗೆ ಹೇಗೂ ಗೊತ್ತಿದೆ.

— ಓರ್ವ ಓದುಗಿ, ನಾಪೋಕ್ಲು