ಶಾಲೆಯ ಗೌರವ ಫಲಕ: ಹೆಸರು ಕೆತ್ತುವ ಮುನ್ನ

ಮಾನ್ಯರೇ,

ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನಕ್ಕೆ ಪ್ರೌಢಶಾಲೆಗಳು ತಮ್ಮ ಹಳೆಯ ಕ್ರೀಡಾಪಟುಗಳನ್ನು ಸನ್ಮಾನಿಸುವುದು ಒಳ್ಳೆಯದೇ. ವಿನಯ್ ಕುಮಾರ್ ಅವರಂಥ ರಣಜಿ ನಾಯಕನನ್ನು ಕೊಟ್ಟ ದಾವಣಗೆರೆಯಲ್ಲಿ ಹೆಸರುಗಳಿಗೇನೂ ಬರವಿಲ್ಲ. ಎಡವುವುದು ದಾಖಲೆಯಲ್ಲಿ.

ನೆನಪನ್ನು ನಂಬಿ ಪಟ್ಟಿ ಮಾಡಬೇಡಿ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟದ ಪ್ರಮಾಣಪತ್ರದ ನಕಲನ್ನು ದಾಖಲಾತಿ ರಿಜಿಸ್ಟರ್ ಜೊತೆ ತಾಳೆ ನೋಡಿ. ಮದುವೆಯ ಬಳಿಕ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳು ಸಿಗದೇ ಹೋಗುವುದು ಇಲ್ಲಿಯೇ. ಅವರನ್ನು ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ವರ್ಷ ಹಿಡಿದು ಹುಡುಕಬೇಕು. ಕಬಡ್ಡಿಯಲ್ಲಿ ನಾಯಕನೊಬ್ಬನ ಹೆಸರು ಹಾಕಿ ಮುಗಿಸುವುದು ಅನ್ಯಾಯ. ಅಂಗಳದಲ್ಲಿ ಆಡುವ ಏಳು ಮಂದಿಯ ಜೊತೆ ಬದಲಿ ಆಟಗಾರರೂ ಇರಲಿ. ರಿಲೇಯಲ್ಲಿ ನಾಲ್ವರೂ ಬರಲಿ.

ಇನ್ನು ಫಲಕ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆಸಿ ಮಳೆ ಬಡಿಯುವ ಗೋಡೆಗೆ ತೂಗುಹಾಕಿದರೆ ಮೊಳೆಯ ಸುತ್ತಲಿಂದ ತುಕ್ಕು ಹಿಡಿದು ಅಕ್ಷರ ಸಿಪ್ಪೆಯೇಳುತ್ತದೆ. ಕರಿ ಗ್ರಾನೈಟ್‌ನಲ್ಲಿ ಕೆತ್ತಿಸಿ, ವರಾಂಡದ ಒಳಗೋಡೆಗೆ ಹಾಕಿಸಿ. ಕೆಳಗೆ ಕನಿಷ್ಠ 20 ಹೆಸರಿನಷ್ಟು ಜಾಗ ಖಾಲಿ ಬಿಡಿ. ಕೆತ್ತುವ ಮೊದಲು ಪ್ರೂಫನ್ನು ಆಯಾ ಕುಟುಂಬಕ್ಕೇ ತೋರಿಸಿ. ಕಲ್ಲಿನಲ್ಲಿ ‘ಲ’ ಹೋಗಿ ‘ಳ’ ಆದರೆ ಇಡೀ ಚಪ್ಪಡಿಯೇ ದಂಡ. ಹೆಸರಿನ ಮುಂದೆ ಆಟ, ಮಟ್ಟ, ವರ್ಷ ಇಷ್ಟಿದ್ದರೆ ಸಾಕು. ದಾನಿಗಳ ಹೆಸರು ಆಟಗಾರರಿಗಿಂತ ದಪ್ಪ ಅಕ್ಷರದಲ್ಲಿ ಬೇಡ, ದಯವಿಟ್ಟು!

ಶಾಲು, ಹಾರದ ಖರ್ಚಿನಲ್ಲಿ ಅರ್ಧ ಉಳಿಸಿದರೆ ಈಗಿನ ಮಕ್ಕಳಿಗೆ ಎರಡು ವಾಲಿಬಾಲ್, ಒಂದು ನೆಟ್ ಬರುತ್ತದೆ.

– ನಿವೃತ್ತ ದೈಹಿಕ ಶಿಕ್ಷಕರು, ದಾವಣಗೆರೆ