ಸಹಿ ಹಾಕುವ ಮೊದಲು ಓದು, ಮಗಳೇ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆಫೀಸಿನವಳು. ರೋಗಿಗಳ ವಿಷಯದಲ್ಲಿ ನಾನ್ಯಾಕೆ ಮೇಲಿನವರಿಗೆ ಎದುರು ಮಾತಾಡಬೇಕು?" ಅಂದೆ. ಮೈಸೂರಿನ ಆಸ್ಪತ್ರೆಯಲ್ಲಿ ಆಡಳಿತದ ಕೆಲಸಕ್ಕೆ ಸೇರಿದ ಹೊಸದರಲ್ಲೇ ನಿನಗೆ ಈ ಪ್ರಶ್ನೆ ಬಂತಲ್ಲ, ಅದೇ ನನಗೆ ಸಮಾಧಾನ. ಮಂಡ್ಯದಲ್ಲಿ ನನ್ನ ಸರ್ವೀಸೆಲ್ಲ ಕಳೆದದ್ದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ. ಅಲ್ಲಿ ಕೂತು ಕಂಡದ್ದನ್ನೇ ಬರೆಯುತ್ತಿದ್ದೇನೆ.

2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆ ಸುದ್ದಿ ನಿನಗೆ ನೆನಪಿದೆ ಅಲ್ವಾ? ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ಹೇಳುತ್ತಿದ್ದರು. ಹೆಣ್ಣು ಅಂತ ಗೊತ್ತಾದರೆ ಗರ್ಭಪಾತ. ಬೆಂಗಳೂರು ಪೊಲೀಸರು ಜಾಲ ಹಿಡಿದಾಗ ಮೈಸೂರಿನವರೂ ಸಿಕ್ಕಿಬಿದ್ದರು. ಡಾಕ್ಟರುಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಜೈಲು ಸೇರಿದರು. ಊರಿನಲ್ಲಿ ಎಲ್ಲರೂ ಆಲೆಮನೆ ಬಗ್ಗೆಯೇ ಮಾತಾಡಿದರು. ನನಗೆ ಮಾತ್ರ ಆಸ್ಪತ್ರೆಯ ಕೌಂಟರ್ ಕಣ್ಣ ಮುಂದೆ ಬರುತ್ತಿತ್ತು. ಬಂದ ಹೆಂಗಸಿಗೆ ಚೀಟಿ ಬರೆಯಬೇಕು. ಬೆಡ್ ಕೊಡಬೇಕು. ದುಡ್ಡು ಕಟ್ಟಿಸಿಕೊಳ್ಳಬೇಕು. ರಿಜಿಸ್ಟರಿನಲ್ಲಿ ಏನೋ ಒಂದು ಕಾರಣ ಬರೆಯಬೇಕು. ಬರೆದಿಲ್ಲ ಅಂದರೆ, ಯಾಕೆ ಬರೆದಿಲ್ಲ ಅಂತ ಯಾರಾದರೂ ಕೇಳಬೇಕು. ಇದೆಲ್ಲ ಡಾಕ್ಟರ ಕೆಲಸವಲ್ಲ, ಪುಟ್ಟಿ. ನಿನ್ನಂಥವರದು, ನನ್ನಂಥವರದು.

ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು ಬಂದದ್ದು 1994ರಲ್ಲಿ. ಪ್ರತಿ ಗರ್ಭಿಣಿಯ ಸ್ಕ್ಯಾನಿಂಗಿಗೂ ಫಾರಂ ಎಫ್ ತುಂಬಬೇಕು. ಬದುಕಿರುವ ಮಕ್ಕಳೆಷ್ಟು, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಕಳಿಸಿದ ಡಾಕ್ಟರು ಯಾರು, ಸ್ಕ್ಯಾನಿಂಗ್ ಯಾತಕ್ಕೆ, ಎಲ್ಲ ಇರಬೇಕು. ಲಿಂಗ ತಿಳಿಯುವ ಆಸೆ ನನಗಿಲ್ಲ ಅಂತ ಗರ್ಭಿಣಿಯ ಸಹಿ, ನಾನು ಹೇಳಿಲ್ಲ ಅಂತ ಡಾಕ್ಟರ ಸಹಿ. ಮುಂದಿನ ತಿಂಗಳು 5ನೇ ತಾರೀಖಿನೊಳಗೆ ವರದಿ ಹೋಗಬೇಕು. ಇದು ಬರೀ ಗುಮಾಸ್ತರ ಕೆಲಸ, ಸಣ್ಣಪುಟ್ಟ ತಪ್ಪಿಗೆ ಕೇಸ್ ಯಾಕೆ ಅಂತ ಡಾಕ್ಟರುಗಳ ಸಂಘದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2019ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಈ ದಾಖಲೆ ಸರಿ ಇಲ್ಲದಿದ್ದರೆ ಕಾನೂನಿಗೆ ಬೇರೆ ಕಣ್ಣೇ ಇಲ್ಲ. ನನ್ನ ಪ್ರಕಾರ ಆ ತೀರ್ಪು ನೂರಕ್ಕೆ ನೂರು ಸರಿ.

ನಾನು ಕೆಲಸ ಮಾಡಿದ ಒಂದು ನರ್ಸಿಂಗ್ ಹೋಮಿನಲ್ಲಿ ನಮ್ಮ ಮೇಡಂ ಒಬ್ಬರಿದ್ದರು. ಆಡಳಿತ ಅವರ ಕೈಯಲ್ಲಿತ್ತು. ಒಂದು ಮಧ್ಯಾಹ್ನ ಫಾರಂಗಳ ಕಟ್ಟು ತರಿಸಿ ಮೇಜಿನ ಮೇಲೆ ಹರಡಿದರು. ಒಂದೇ ನೀಲಿ ಇಂಕು. ಗರ್ಭಿಣಿಯರ ಹೆಸರು ಬೇರೆ ಬೇರೆ, ಆದರೆ ಸಹಿಯ ಕೊನೆಯಲ್ಲಿ ಎಲ್ಲರದೂ ಒಂದೇ ಥರದ ಬಾಲ. ಹೆಬ್ಬೆಟ್ಟು ಒಂದೂ ಇಲ್ಲ. ಸುತ್ತಲ ಹಳ್ಳಿಗಳಿಂದ ಬರುವವರಲ್ಲಿ ಒಬ್ಬರೂ ಹೆಬ್ಬೆಟ್ಟಿನವರಿಲ್ಲವೇ? ಕಾರಣದ ಜಾಗದಲ್ಲಿ ಎಲ್ಲ ಕಡೆ ಅದೇ ಎರಡು ಪದ. ಮೇಡಂ ಕೂಗಾಡಲಿಲ್ಲ. ಸ್ಕ್ಯಾನಿಂಗ್ ರೂಮಿಗೆ ಹೋಗಿ, ಫಾರಂ ಎದುರಿಗೇ ತುಂಬಿಸುವವರೆಗೆ ಹೊಸ ಕೇಸ್ ತೆಗೆದುಕೊಳ್ಳಬೇಡಿ ಅಂದರು. ಬಂದು ಅದನ್ನೇ ಪತ್ರದಲ್ಲಿ ಬರೆದು, ತಾರೀಖು ಹಾಕಿ, ಮಾಲೀಕರಿಗೊಂದು ಪ್ರತಿ, ಫೈಲಿಗೊಂದು ಪ್ರತಿ ಮಾಡಿಸಿದರು. ಮಾಲೀಕರು ಫೋನ್ ಮಾಡಿ, "ಸುಮ್ನೆ ಹಳೇ ದಿನಾಂಕ ಹಾಕಿ ಮುಗಿಸಿ" ಅಂದಾಗ ಅವರು ಹೇಳಿದ್ದು ಇಷ್ಟೇ: "ಹಾಗಂತ ಬರೆದು ಕಳಿಸಿ ಸಾರ್." ಬರಹ ಬರಲಿಲ್ಲ. ಫಾರಂ ತುಂಬುವ ರೀತಿ ಬದಲಾಯಿತು.

ಆದರೆ ಮುಂದಿನ ವರ್ಷ ಅವರ ಗುತ್ತಿಗೆ ನವೀಕರಿಸಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ನಾನು ಹೇಳಿದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ಸರಿ ಮಾಡಿದವರಿಗೆ ಒಳ್ಳೆಯದೇ ಆಗುತ್ತದೆ ಅಂತ ನಾನು ಹೇಳಲಾರೆ. ಅವರು ಆರು ತಿಂಗಳ ಖರ್ಚಿನ ದುಡ್ಡು ಕೂಡಿಟ್ಟುಕೊಂಡೇ ಈ ಕುರ್ಚಿಯಲ್ಲಿ ಕೂರುತ್ತಿದ್ದರಂತೆ. ಅದಕ್ಕೇ ನಿನ್ನ ಮೊದಲ ಸಂಬಳದಲ್ಲಿ ಸೀರೆ ತರಬೇಡ ಅಂದದ್ದು. ಅದನ್ನು ಬ್ಯಾಂಕಿನಲ್ಲಿಡು. ಸಾಲ ಜಾಸ್ತಿ ಇದ್ದರೆ ಬಾಯಿ ಬಿಡುವುದು ಕಷ್ಟ.

ಇನ್ನೊಂದು ಮಾತು. ಒಬ್ಬಳೇ ನಿಲ್ಲಬೇಡ. ವಾರ್ಡಿನ ಸಿಸ್ಟರ್‌ಗಳ ಜೊತೆ, ಫಾರ್ಮಸಿಯವರ ಜೊತೆ ಮಾತು ಇಟ್ಟುಕೋ. ಏನೋ ಸರಿ ಇಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೆ. ಅವರು ಹೆದರದೆ ನಿನ್ನ ರೂಮಿಗೆ ಬರುವ ಹಾಗಿರಬೇಕು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಆದದ್ದು ನಿನಗೆ ಗೊತ್ತು. ಒಂದೇ ದಿನದೊಳಗೆ 24 ಜನ ಹೋದರು. ಸಿಲಿಂಡರ್ ಮೈಸೂರಿನಿಂದ ಹೋಗಬೇಕಿತ್ತು. ಅಂಥ ರಾತ್ರಿ ಯಾರ ಆಸ್ಪತ್ರೆಗೂ ಬರಬಹುದು. ಸ್ಟಾಕ್ ಇಳಿಯುತ್ತಿದೆ ಅಂತ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಅನ್ನುವ ಭಯ ಒಬ್ಬ ಸಿಬ್ಬಂದಿಗೂ ಇರಬಾರದು.

ಕೊನೆಗೆ, ಬಿಲ್ ಬಾಕಿ ಇದ್ದಾಗ ಶವ ಕೊಡುವ ವಿಷಯ. ನಿಮ್ಮಲ್ಲಿ ಅದು ಯಾರ ತೀರ್ಮಾನ ಅಂತ ಯಾರಿಗೂ ಗೊತ್ತಿಲ್ಲ ಅಂದೆಯಲ್ಲ, ಅದನ್ನು ಕಾನೂನು ಆಗಲೇ ತೀರ್ಮಾನ ಮಾಡಿದೆ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಡಾಕ್ಟರುಗಳು ಮುಷ್ಕರ ಹೂಡಿದ್ದೂ ಅದರ ಮೇಲೇ. ಬಾಕಿ ಕಟ್ಟಿ ಅಂತ ಪಟ್ಟು ಹಿಡಿಯದೆ ಶವ ಒಪ್ಪಿಸಬೇಕು, ಬಾಕಿಯನ್ನು ಆಮೇಲೆ ವಾರಸುದಾರರಿಂದ ಕೇಳಿ ಪಡೆಯಬಹುದು ಅಂತ ಅದರಲ್ಲಿದೆ. ರಾತ್ರಿ ಎರಡು ಗಂಟೆಗೆ ಅಳುತ್ತಾ ನಿಂತವರ ಮುಂದೆ ನೀನು ಯೋಚಿಸಬೇಕಾದದ್ದು ಇದರಲ್ಲಿ ಏನೂ ಇಲ್ಲ. ಯೋಚನೆಯನ್ನು ಹಗಲಲ್ಲೇ ಮುಗಿಸಬೇಕು.

ಭಾನುವಾರ ಬರುವಾಗ ಶವ ಒಪ್ಪಿಸುವ ನಿಮ್ಮ ಖಾಲಿ ನಮೂನೆ ಒಂದು ತಾ. ಅದರಲ್ಲಿ ಬಿಲ್ಲಿಂಗ್ ವಿಭಾಗದ ಸಹಿಗೆ ಅಂತ ಒಂದು ಜಾಗ ಇದ್ದೇ ಇರುತ್ತದೆ. ಅದನ್ನು ತೆಗೆಯಿರಿ ಅಂತ ನಿಮ್ಮ ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಟಿಪ್ಪಣಿ ಬರೆಯೋಣ. ಕಾಯ್ದೆಯ ಪ್ರತಿ ನನ್ನ ಹತ್ತಿರ ಇದೆ.

ನಿನ್ನ
ಅಮ್ಮ